ಹತ್ತನೆಯ ತರಗತಿಯ ಆಚೆಗೂ ಸೈಕಲ್: ಸೇಡಂ–ಚಿಂಚೋಳಿ ಸೀಮೆಯ ಹೆಣ್ಣುಮಕ್ಕಳು ಮತ್ತು ಗುಡ್ಡಗಾಡು ಸವಾರಿ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಗಳು ತೊಗರಿಗೆ, ಸುಣ್ಣಕಲ್ಲಿಗೆ ಮತ್ತು ಸಿಮೆಂಟಿಗೆ ಹೆಸರಾದ ಸೀಮೆ. ಈ ಸೀಮೆಯ ಹೆಣ್ಣುಮಕ್ಕಳು ಗುಡ್ಡಗಾಡು ಸೈಕಲ್ ಸವಾರಿಯನ್ನು ಕೈಗೆತ್ತಿಕೊಳ್ಳುವುದು ಸಾಧ್ಯವೇ, ಸಾಧ್ಯವಾದರೆ ಅದಕ್ಕೆ ಯಾವ ಸಿದ್ಧತೆ ಬೇಕು ಎಂಬ ಪ್ರಶ್ನೆಯನ್ನು ಇಲ್ಲಿ ಇಬ್ಬರ ಸಂವಾದದ ಕ್ರಮದಲ್ಲಿ ಪರಿಶೀಲಿಸಲಾಗಿದೆ. ಒಬ್ಬರು ಪ್ರತಿ ಹೆಜ್ಜೆಯಲ್ಲೂ ಆಕ್ಷೇಪಗಳನ್ನು ಮುಂದಿಡುವ ಜಿಜ್ಞಾಸು. ಇನ್ನೊಬ್ಬರು ಈ ಕ್ರೀಡೆಯ ಪರವಾಗಿ ವಾದಿಸುವ ಪ್ರತಿಪಾದಕಿ.

ಜಿಜ್ಞಾಸು: ಗುಡ್ಡಗಾಡು ಸೈಕ್ಲಿಂಗ್ ಎಂದರೆ ಏನು, ಶಾಲೆಗೂ ಸಂತೆಗೂ ಹೋಗುವ ನಿತ್ಯದ ಸವಾರಿಗಿಂತ ಅದು ಹೇಗೆ ಬೇರೆ ಎಂಬುದು ಮೊದಲು ಸ್ಪಷ್ಟವಾಗಬೇಕು.

ಪ್ರತಿಪಾದಕಿ: ಡಾಂಬರು ಕಾಣದ ಬಂಡಿಜಾಡು, ಕಾಲುದಾರಿ, ಕಲ್ಲುಮಡ್ಡಿ, ಹಳ್ಳದ ದಂಡೆ ಇಂಥ ನೆಲದ ಮೇಲೆ, ಅದಕ್ಕೆಂದೇ ರೂಪಿಸಿದ ಸೈಕಲ್ಲಿನಲ್ಲಿ ಸವಾರಿ ಮಾಡುವುದನ್ನು ಗುಡ್ಡಗಾಡು ಸೈಕ್ಲಿಂಗ್ ಎಂದೂ ಸಂಕ್ಷೇಪವಾಗಿ ಎಂಟಿಬಿ ಎಂದೂ ಕರೆಯಲಾಗುತ್ತದೆ. ಆ ಸೈಕಲ್ಲಿನ ಟೈರು ಎರಡು ಅಂಗುಲದಷ್ಟು ಅಥವಾ ಅದಕ್ಕಿಂತ ಹೆಚ್ಚು ಅಗಲವಾಗಿ, ನೆಲವನ್ನು ಕಚ್ಚುವ ಗುಬುಟುಗಳಿಂದ ಕೂಡಿರುತ್ತದೆ; ಏರಿನಲ್ಲಿ ಕಡಿಮೆ ಬಲದಿಂದಲೇ ಪೆಡಲ್ ತುಳಿಯಲು ನೆರವಾಗುವ ಸಣ್ಣ ಗೇರುಗಳಿರುತ್ತವೆ; ಮುಂಚಕ್ರದ ಆಘಾತವನ್ನು ತೋಳಿಗೆ ತಲುಪದಂತೆ ತಡೆಯುವ ಸಸ್ಪೆನ್ಷನ್ ಫೋರ್ಕ್ ಇರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರಲ್ಲಿ ಆರಂಭವಾದ ರೀಪ್ಯಾಕ್ ಎಂಬ ಇಳಿಜಾರಿನ ಓಟಗಳಿಂದ ಈ ಕ್ರೀಡೆ ಬೆಳೆಯಿತೆಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ಹಳೆಯ ಸೈಕಲ್ಲುಗಳ ಹಿಂಚಕ್ರದೊಳಗಿನ ಬ್ರೇಕು ಕಾದು ಗ್ರೀಸು ಸುಟ್ಟುಹೋಗಿ, ಪ್ರತಿ ಓಟದ ಬಳಿಕ ಹೊಸ ಗ್ರೀಸು ತುಂಬಬೇಕಾಗುತ್ತಿದ್ದುದರಿಂದ ಆ ಓಟಕ್ಕೆ ಆ ಹೆಸರು ಬಂದಿತು. ಆ ಮೊದಲ ಗುಂಪಿನಲ್ಲಿಯೇ ವೆಂಡಿ ಕ್ರ್ಯಾಗ್ ಎಂಬ ಮಹಿಳೆ ಸವಾರಳೂ ಛಾಯಾಗ್ರಾಹಕಿಯೂ ಆಗಿದ್ದಳು. 1990ರಲ್ಲಿ ಡುರಾಂಗೊ ನಗರದಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ, 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆ ಮೊದಲ ಬಾರಿ ಸೇರಿದಾಗಲೂ ಪುರುಷರ ಸ್ಪರ್ಧೆಯ ಜೊತೆಗೇ ಮಹಿಳೆಯರ ಸ್ಪರ್ಧೆಯೂ ನಡೆಯಿತು. ಆದುದರಿಂದ ಇದನ್ನು ಗಂಡಸರ ಆಟವೆಂದೂ ಹೆಂಗಸರನ್ನು ಅದಕ್ಕೆ ತಡವಾಗಿ ಸೇರಿಸಿಕೊಳ್ಳಲಾಯಿತೆಂದೂ ಭಾವಿಸಲು ಇತಿಹಾಸದಲ್ಲಿ ಆಧಾರವಿಲ್ಲ.

ಜಿಜ್ಞಾಸು: ಹಿಮಾಲಯದ ಅಥವಾ ಮಲೆನಾಡಿನ ಜನ ಇದರ ಬಗ್ಗೆ ಯೋಚಿಸುವುದು ಸಹಜ. ಎರೆಹೊಲ ಮತ್ತು ಕಲ್ಲುಗಣಿಗಳ ಈ ಬಯಲು ಸೀಮೆಯಲ್ಲಿ ಬೆಟ್ಟವೆಲ್ಲಿದೆ?

ಪ್ರತಿಪಾದಕಿ: ಈ ಕ್ರೀಡೆಯಲ್ಲಿ ಹಲವು ಪ್ರಕಾರಗಳಿವೆ. ಕಡಿದಾದ ಬೆಟ್ಟದಿಂದ ವೇಗವಾಗಿ ಇಳಿಯುವುದು ಡೌನ್‌ಹಿಲ್. ಏರು, ಇಳಿಜಾರು ಮತ್ತು ಒರಟು ನೆಲವನ್ನು ಸರದಿಯಾಗಿ ದಾಟುತ್ತ ಬಹುದೂರ ಸಾಗುವುದು ಕ್ರಾಸ್‌ಕಂಟ್ರಿ. ಒಲಿಂಪಿಕ್ಸ್‌ನಲ್ಲಿರುವುದು ಎರಡನೆಯದು, ಅದಕ್ಕೆ ಎತ್ತರದ ಪರ್ವತಕ್ಕಿಂತ ನೆಲದ ವೈವಿಧ್ಯ ಮುಖ್ಯ. ಆ ವೈವಿಧ್ಯ ಈ ಸೀಮೆಯಲ್ಲಿ ಧಾರಾಳವಾಗಿದೆ. ಚಿಂಚೋಳಿಯ ಕಡೆ ಕೊಂಚಾವರದ ಸುತ್ತ ಜಂಬಿಟ್ಟಿಗೆ ಕಲ್ಲಿನ ಕೆಂಪು ಗುಡ್ಡಗಳೂ ಕುರುಚಲು ಕಾಡೂ ಚಂದ್ರಂಪಳ್ಳಿ ಜಲಾಶಯದ ಹಿನ್ನೀರಿನ ದಂಡೆಗಳೂ ಇವೆ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ಕೊರಕಲುಗಳೂ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯ ಪರಿಸರವೂ ಇವೆ. ಚಿತ್ತಾಪುರದ ಬಳಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನವಾಗಿದ್ದ, ಅಂದರೆ ಉನ್ನತ ವಿದ್ಯಾಕೇಂದ್ರವಾಗಿದ್ದ ನಾಗಾವಿಗೆ ಹೋಗುವ ಮಡ್ಡಿ ನೆಲವಿದೆ. ಶಹಾಬಾದ್ ಮತ್ತು ವಾಡಿಯ ಸುತ್ತ ಪದರುಪದರಾಗಿ ಏಳುವ ಸುಣ್ಣಕಲ್ಲು, ಅಂದರೆ ದಕ್ಷಿಣ ಭಾರತದ ಅಸಂಖ್ಯ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದಿ ಫರಸಿ, ಸಹಜವಾದ ಮೆಟ್ಟಿಲುಗಳನ್ನು ರೂಪಿಸಿದೆ. ಕೆಂಪು ಮಡ್ಡಿ, ಸುಣ್ಣಕಲ್ಲಿನ ಹಾಸು ಮತ್ತು ಎರೆಮಣ್ಣು ಈ ಮೂರೂ ಹೀಗೆ ಒಂದೇ ಸೀಮೆಯೊಳಗೆ ಸಿಗುವುದರಿಂದ ಸವಾರಿಯ ಬೇರೆಬೇರೆ ಕೌಶಲಗಳನ್ನು ಇಲ್ಲಿಯೇ ಕಲಿಯಬಹುದು. ಒಂದು ಎಚ್ಚರಿಕೆ ಮಾತ್ರ ಬೇಕು: ಎರೆಮಣ್ಣು ಒದ್ದೆಯಾದಾಗ ಚಕ್ರ ಮತ್ತು ಫೋರ್ಕಿನ ನಡುವೆ ತುಂಬಿಕೊಂಡು ಸೈಕಲ್ಲನ್ನು ನಿಲ್ಲಿಸಿಬಿಡುವುದಲ್ಲದೆ ಆ ಹೊತ್ತಿನ ಸವಾರಿ ದಾರಿಯನ್ನೂ ಹೊಲದ ಬದುವನ್ನೂ ಕೆಡಿಸುತ್ತದೆ, ಆದುದರಿಂದ ಮಳೆಗಾಲದಲ್ಲಿ ಕೆಂಪು ಮಡ್ಡಿಯನ್ನೇ ಆರಿಸಿಕೊಳ್ಳಬೇಕು.

ಜಿಜ್ಞಾಸು: ನೆಲವಿದ್ದರೆ ಸಾಲದು, ಸವಾರರೂ ಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾರಿಗೆ ಬಸ್ಸಿನ ಪ್ರಯಾಣ ಉಚಿತವಾಗಿರುವಾಗ, ಬಿಸಿಲಿನಲ್ಲಿ ಸೈಕಲ್ ತುಳಿಯಲು ಯಾರು ಮುಂದೆ ಬರುತ್ತಾರೆ?

ಪ್ರತಿಪಾದಕಿ: ಬಸ್ಸು ಮತ್ತು ಸೈಕಲ್ ಒಂದಕ್ಕೊಂದು ಎದುರಾಳಿಗಳಲ್ಲ, ಬಸ್ಸು ನಿಲ್ಲುವ ಮುಖ್ಯರಸ್ತೆಯಿಂದ ಒಳಗಿರುವ ತಾಂಡಾಕ್ಕೂ ಹಳ್ಳಿಗೂ ಇರುವ ದಾರಿಯನ್ನು ಇಂದಿಗೂ ನಡೆದೋ ಸೈಕಲ್ ತುಳಿದೋ ದಾಟಬೇಕು. ಸವಾರರು ಎಲ್ಲಿದ್ದಾರೆ ಎಂಬ ಪ್ರಶ್ನೆಗೆ ಉತ್ತರ ಶಾಲೆಗಳ ಅಂಗಳದಲ್ಲಿದೆ. ಕರ್ನಾಟಕ ಸರ್ಕಾರ 2006-07ರಲ್ಲಿ 8ನೆಯ ತರಗತಿಯ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿ, ಅದನ್ನು ಬಳಿಕ ಹುಡುಗರಿಗೂ ವಿಸ್ತರಿಸಿತು. ಕೋವಿಡ್ ವರ್ಷಗಳಲ್ಲಿ ವಿತರಣೆ ನಿಲ್ಲುವವರೆಗೆ ಹಳ್ಳಿಯ ಒಂದು ಇಡೀ ತಲೆಮಾರಿನ ಹುಡುಗಿಯರು ಅದರಿಂದ ಸೈಕಲ್ ಕಲಿತರು. ಅದೇ 2006ರಲ್ಲಿ ಬಿಹಾರ ಕೈಗೊಂಡ ಇಂಥದೇ ಯೋಜನೆಯನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಧ್ಯಯನ ಮಾಡಿ, ಪ್ರೌಢಶಾಲೆಗೆ ವಯಸ್ಸಿಗೆ ತಕ್ಕಂತೆ ದಾಖಲಾಗುವ ಹುಡುಗಿಯರ ಪ್ರಮಾಣ ಸುಮಾರು ಶೇ. 30ರಷ್ಟು ಏರಿತೆಂದು 2017ರಲ್ಲಿ ಪ್ರಕಟಿಸಿದರು. ತಮಿಳುನಾಡಿನ ಪುದುಕೋಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಅರಿವೊಳಿ ಇಯಕ್ಕಂ ಎಂಬ ಸಾಕ್ಷರತಾ ಆಂದೋಲನ ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿದಾಗ, ಕೂಲಿಕಾರರು, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಕಲ್ಲುಗಣಿಯಲ್ಲಿ ದುಡಿಯುವ ಹೆಂಗಸರು ಸೇರಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಸವಾರಿ ಕಲಿತರು. ಕಲ್ಲುಗಣಿಯ ಹೆಂಗಸರು ಸೈಕಲ್ ಹತ್ತಿದ ನಿದರ್ಶನ ಶಹಾಬಾದಿಗೆ ತೀರ ಹತ್ತಿರದ ಪಾಠ. ಹೀಗಿರುವಾಗ ಈ ಸೀಮೆಯಲ್ಲಿ ಕೊರತೆಯಿರುವುದು ಸೈಕಲ್ ಬಲ್ಲ ಹುಡುಗಿಯರದಲ್ಲ, ಹತ್ತನೆಯ ತರಗತಿಯ ನಂತರವೂ ಸೈಕಲ್ ಬಿಡದ ಹುಡುಗಿಯರದು.

ಜಿಜ್ಞಾಸು: ಹತ್ತನೆಯ ತರಗತಿಯನ್ನೇ ಗಡಿಯಾಗಿ ಗುರುತಿಸಲು ಕಾರಣವೇನು?

ಪ್ರತಿಪಾದಕಿ: ಆ ಹೊತ್ತಿಗೆ ಹಲವು ಕಾರಣಗಳು ಒಟ್ಟಿಗೆ ಕೂಡುತ್ತವೆ. ಪ್ರೌಢಶಾಲೆ ಮುಗಿದು ಕಾಲೇಜಿಗೆ ಹೋಗುವವರು ಬಸ್ಸು ಹತ್ತುತ್ತಾರೆ, ಹೋಗದವರು ಹೊಲದ ಕೆಲಸಕ್ಕೂ ಮನೆಗೆಲಸಕ್ಕೂ ಸೇರುತ್ತಾರೆ, ಮತ್ತು ಮನೆಯಲ್ಲಿ ಉಳಿದ ಸೈಕಲ್ ತಮ್ಮನ ಪಾಲಾಗುತ್ತದೆ. ತೊಗರಿ ರಾಶಿಯ ದಿನಗಳಲ್ಲಿ ಹುಡುಗಿಯ ಕೈ ಮನೆಗೆ ಬೇಕು. ಗುಳೆ ಹೋಗುವ ಕುಟುಂಬಗಳಲ್ಲಿ ಊರೇ ಬದಲಾಗುತ್ತದೆ. ಮದುವೆಯ ಮಾತು ಆರಂಭವಾಗುವುದೂ ಆಗಲೇ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ. 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಇವೆಲ್ಲಕ್ಕಿಂತ ಸೂಕ್ಷ್ಮವಾದ ಇನ್ನೊಂದು ಕಾರಣವಿದೆ. ಶಾಲೆಗೆ ಹೋಗುವ ಹುಡುಗಿಯ ಸೈಕಲ್ಲಿಗೆ ಊರು ಒಪ್ಪುವ ಉದ್ದೇಶವೊಂದಿರುತ್ತದೆ. ಶಾಲೆ ಮುಗಿದೊಡನೆ ಆ ಉದ್ದೇಶ ತೀರಿ, ಬರೀ ಸಂತೋಷಕ್ಕಾಗಿ ಅಥವಾ ಆಟಕ್ಕಾಗಿ ಹೆಣ್ಣುಮಗಳು ಸೈಕಲ್ ತುಳಿಯುವುದನ್ನು ಊರು ಪ್ರಶ್ನಿಸತೊಡಗುತ್ತದೆ. ಕ್ರೀಡೆ ಆಕೆಗೆ ಹೊಸದೊಂದು ಉದ್ದೇಶವನ್ನು ಒದಗಿಸುತ್ತದೆ. ತಂಡ, ಅಭ್ಯಾಸದ ವೇಳೆ, ಸ್ಪರ್ಧೆ, ಪ್ರಮಾಣಪತ್ರ ಇವು ಹೆಣ್ಣಿನ ಓಡಾಟಕ್ಕೆ ಊರಿನ ಮುಂದೆ ಹೇಳಬಹುದಾದ ಹೆಸರು ಕೊಡುತ್ತವೆ. ಸಂತೋಷಕ್ಕಾಗಿ ಓಡಾಡುವ ಹಕ್ಕು ಹೆಣ್ಣುಮಕ್ಕಳಿಗೆ ಕಾರಣ ಕೇಳದೆ ಸಿಗಬೇಕೆಂಬುದು ನಿಜ. ಆ ದಿನ ಬರುವವರೆಗೆ ಕ್ರೀಡೆ ಆ ಹಕ್ಕಿನ ಬಾಗಿಲನ್ನು ತೆರೆದಿಡಬಲ್ಲುದು.

ಜಿಜ್ಞಾಸು: ತಾಯಂದಿರ ಆತಂಕ ದೇಹಕ್ಕೆ ಸಂಬಂಧಿಸಿದ್ದು. ಒರಟು ದಾರಿಯ ಕುಲುಕಾಟದಿಂದ ಗರ್ಭಕೋಶಕ್ಕೆ ತೊಂದರೆಯಾದೀತು, ಮುಟ್ಟಿನ ದಿನಗಳಲ್ಲಿ ಸವಾರಿ ಕೂಡದು, ಕನ್ಯತ್ವ ಕೆಡುತ್ತದೆ ಎಂಬ ಮಾತುಗಳು ಮನೆಮನೆಯಲ್ಲಿವೆ.

ಪ್ರತಿಪಾದಕಿ: ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುರೋಪು ಮತ್ತು ಅಮೆರಿಕದ ವೈದ್ಯರಲ್ಲಿ ಕೆಲವರೂ ಇಂಥದೇ ಭಯಗಳನ್ನು ಹಬ್ಬಿಸಿದ್ದರು, ಮುಂದಿನ ಅನುಭವ ಅವನ್ನು ಸುಳ್ಳಾಗಿಸಿತು. ಆರೋಗ್ಯವಂತ ಹೆಣ್ಣಿನ ಗರ್ಭಕೋಶ ಶ್ರೋಣಿಯ ಎಲುಬುಗಳ ನಡುವೆ ಸ್ನಾಯು ಮತ್ತು ಅಸ್ಥಿಬಂಧಗಳ ಆಸರೆಯಲ್ಲಿ ಭದ್ರವಾಗಿರುವುದರಿಂದ ಸವಾರಿಯ ಕುಲುಕಾಟ ಅದನ್ನು ಸ್ಥಾನ ತಪ್ಪಿಸುವುದಿಲ್ಲ. ಮುಟ್ಟಿನ ದಿನಗಳಲ್ಲಿ ವ್ಯಾಯಾಮ ಮಾಡಬಾರದೆಂಬ ವೈದ್ಯಕೀಯ ನಿಯಮವಿಲ್ಲ, ನೋವಿದ್ದವರು ವಿಶ್ರಾಂತಿ ಪಡೆಯಬಹುದು. ಕನ್ಯಾಪೊರೆಯ ಸ್ಥಿತಿಯಿಂದ ಯಾರ ನಡತೆಯನ್ನೂ ಅಳೆಯಲಾಗದು. ನಿಜವಾಗಿ ಗಮನ ಬೇಡುವ ಸಮಸ್ಯೆ ಬೇರೆಯೇ ಇದೆ, ಅದು ರಕ್ತಹೀನತೆ. ಮೇಲೆ ಹೇಳಿದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಸ್ನಾಯುಗಳಿಗೆ ಆಮ್ಲಜನಕ ಸಾಲದೆ ಚಿಕ್ಕ ಏರಿನಲ್ಲೇ ಏದುಸಿರು ಬರುತ್ತದೆ, ಹುಡುಗಿ ಅದನ್ನು ತನ್ನ ಅಶಕ್ತಿಯೆಂದು ತಿಳಿದು ಆಟವನ್ನೇ ಬಿಡುತ್ತಾಳೆ. ಆದುದರಿಂದ ಪ್ರತಿ ತರಬೇತಿಯೂ ಪ್ರಾಥಮಿಕ ಆರೋಗ್ಯ ಕೇಂದ್ರದ ರಕ್ತಪರೀಕ್ಷೆಯಿಂದ ಆರಂಭವಾಗಿ, ಕಬ್ಬಿಣಾಂಶದ ಮಾತ್ರೆಯ ಜೊತೆಗೆ ಜೋಳದ ರೊಟ್ಟಿ, ತೊಗರಿಬೇಳೆ, ಸೊಪ್ಪು ಮತ್ತು ಶೇಂಗಾ ಹೊಟ್ಟೆತುಂಬ ಸಿಗುವ ವ್ಯವಸ್ಥೆಯನ್ನು ಒಳಗೊಳ್ಳಬೇಕು. ಬೇಸಿಗೆಯಲ್ಲಿ ಈ ಸೀಮೆಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಆ ತಿಂಗಳುಗಳಲ್ಲಿ ಬೆಳಗಿನ ಜಾವದ ಸವಾರಿಯಷ್ಟೇ ಯುಕ್ತ. ದೀರ್ಘ ಅಭ್ಯಾಸಕ್ಕೆ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಸೂಕ್ತ.

ಜಿಜ್ಞಾಸು: ಶಾಲೆಯಲ್ಲಿ ಕೊಟ್ಟ ಸೈಕಲ್ ಈ ಕೆಲಸಕ್ಕೆ ಸಾಕಾಗುತ್ತದೆಯೇ? ಸಾಕಾಗದಿದ್ದರೆ ಬಡ ಮನೆಯ ಹುಡುಗಿಗೆ ಗೇರಿನ ಸೈಕಲ್ ಎಲ್ಲಿಂದ ಬರಬೇಕು?

ಪ್ರತಿಪಾದಕಿ: ಸಮತೋಲನ, ಬ್ರೇಕು ಮತ್ತು ತಿರುವುಗಳ ಮೊದಲ ಪಾಠಗಳಿಗೆ ಆ ಸೈಕಲ್ಲೇ ಸಾಕು. ಕಲ್ಲಿನ ಇಳಿಜಾರಿಗೆ ಬಂದಾಗ ಮಾತ್ರ ಬಲವಾದ ಚೌಕಟ್ಟು, ಅಗಲ ಟೈರು ಮತ್ತು ಡಿಸ್ಕ್ ಬ್ರೇಕು ಬೇಕಾಗುತ್ತವೆ. ಆ ಹಂತದಲ್ಲಿ ಅಂಗಡಿಯವರು ತೋರಿಸುವುದು ಹೆಚ್ಚಾಗಿ ಎತ್ತರದ ಗಂಡಸರ ಅಳತೆಯ ಸೈಕಲ್ಲುಗಳನ್ನು. ಐದು ಅಡಿ ಎತ್ತರದ ಹೆಣ್ಣುಮಗಳಿಗೆ ಅತಿ ಚಿಕ್ಕ ಅಳತೆಯ ಚೌಕಟ್ಟು ಬೇಕು, ಇಲ್ಲದಿದ್ದರೆ ನಿಲ್ಲುವಾಗ ಕಾಲು ನೆಲ ಮುಟ್ಟದೆ ಭಯ ಹುಟ್ಟುತ್ತದೆ. ಕುಳಿತಾಗ ಭಾರ ಹೊರುವ ಎರಡು ಎಲುಬುತುದಿಗಳ ನಡುವಿನ ಅಂತರ ಸರಾಸರಿಯಲ್ಲಿ ಹೆಂಗಸರಿಗೆ ಹೆಚ್ಚಾಗಿರುವುದರಿಂದ ತುಸು ಅಗಲವಾದ ಸೀಟು ಹಿತವಾಗಿರುತ್ತದೆ. ಬ್ರೇಕಿನ ಹಿಡಿಯನ್ನು ಚಿಕ್ಕ ಕೈಗೆ ನಿಲುಕುವಂತೆ ಸ್ಕ್ರೂ ತಿರುಗಿಸಿ ಹತ್ತಿರ ತರಬಹುದು. ಚೂಡಿದಾರದ ದುಪಟ್ಟಾವನ್ನು ಬಿಗಿದು ಕಟ್ಟಿ, ಕಾಲಿನ ಅಂಚನ್ನು ಪಟ್ಟಿಯಿಂದ ಬಿಗಿದರೆ ಚೈನಿಗೆ ಬಟ್ಟೆ ಸಿಕ್ಕುವ ಅಪಾಯ ತಪ್ಪುತ್ತದೆ, ಆದುದರಿಂದ ಉಡುಪು ಬದಲಿಸಲು ಒಪ್ಪದ ಮನೆಯ ಹುಡುಗಿಯನ್ನು ಹೊರಗಿಡಬೇಕಾಗಿಲ್ಲ. ಹೆಲ್ಮೆಟ್ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಸಲ್ಲದು. ಬೆಲೆಯ ವಿಚಾರದಲ್ಲಿ ಹೇಳುವುದಾದರೆ ಪ್ರತಿಯೊಬ್ಬಳೂ ಸೈಕಲ್ ಕೊಳ್ಳಬೇಕಾಗಿಲ್ಲ. ಪುಸ್ತಕವನ್ನು ಎರವಲು ಕೊಡುವ ಗ್ರಂಥಾಲಯದ ಮಾದರಿಯಲ್ಲಿ ಕಾಲೇಜು ಅಥವಾ ಗ್ರಾಮ ಪಂಚಾಯಿತಿ ಹತ್ತಾರು ಸೈಕಲ್ಲುಗಳನ್ನು ಇಟ್ಟುಕೊಂಡು ಸರದಿಯಂತೆ ಕೊಡಬಹುದು. ಜಾಲಿ ಮುಳ್ಳಿನ ಈ ಸೀಮೆಯಲ್ಲಿ ಪಂಕ್ಚರ್ ತಿದ್ದುವುದು, ಚೈನು ಜೋಡಿಸುವುದು, ಬ್ರೇಕು ಸರಿಪಡಿಸುವುದು ಇವನ್ನು ಹುಡುಗಿಯರಿಗೇ ಕಲಿಸಬೇಕು. ತನ್ನ ಸೈಕಲ್ಲನ್ನು ತಾನೇ ದುರಸ್ತಿ ಮಾಡಬಲ್ಲವಳು ದಾರಿಯ ನಡುವೆ ಯಾರನ್ನೂ ಅವಲಂಬಿಸುವುದಿಲ್ಲ, ಮತ್ತು ಆ ವಿದ್ಯೆ ನಾಳೆ ಆಕೆಗೆ ಜೀವನೋಪಾಯವೂ ಆಗಬಹುದು.

ಜಿಜ್ಞಾಸು: ಸಿಮೆಂಟ್ ಲಾರಿಗಳು, ನೀರು ತುಂಬಿದ ಹಳೆಯ ಗಣಿಗಳು, ಕಾಡುಪ್ರಾಣಿಗಳು, ದಾರಿಯಲ್ಲಿ ಕೀಟಲೆ ಮಾಡುವವರು ಇಷ್ಟೂ ಇರುವಲ್ಲಿಗೆ ಹೆಣ್ಣುಮಕ್ಕಳನ್ನು ಕಳಿಸುವುದು ಹೊಣೆಗೇಡಿತನವಲ್ಲವೇ?

ಪ್ರತಿಪಾದಕಿ: ಈ ಅಪಾಯಗಳು ನಿಜವಾದವು, ಅವುಗಳಿಗೆ ಒಂದೊಂದಾಗಿ ಪರಿಹಾರ ಹುಡುಕಬೇಕು. ಲಾರಿಗಳ ಹೆದ್ದಾರಿಯನ್ನು ಬಿಟ್ಟು ಒಳದಾರಿ ಹಿಡಿಯುವುದೇ ಈ ಕ್ರೀಡೆಯ ಸ್ವರೂಪವಾದುದರಿಂದ, ವಾಡಿ ಮತ್ತು ಸೇಡಂನ ಧೂಳಿನ ರಸ್ತೆಗಿಂತ ಮಡ್ಡಿಯ ಬಂಡಿಜಾಡು ಸುರಕ್ಷಿತ. ಕೆಲಸ ನಡೆಯುವ ಗಣಿಗಳೊಳಕ್ಕೆ ಯಾರೂ ಹೋಗಕೂಡದು, ಬೇಲಿಯಿಲ್ಲದ ಹಳೆಯ ಗುಂಡಿಗಳ ಅಂಚು ಸವಾರಿಗೆ ತಕ್ಕುದಲ್ಲ. 2017ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳ ಪ್ರಕಾರ ಗಣಿ ನಡೆಸುವವರು ಹಂತಹಂತವಾಗಿ ಗಣಿಯನ್ನು ಮುಚ್ಚಿ ನೆಲವನ್ನು ಸುಸ್ಥಿತಿಗೆ ತರುವ ಯೋಜನೆಯನ್ನು ಸಲ್ಲಿಸಲೇಬೇಕು. ಹಾಗೆ ಸಮಗೊಳಿಸಿ ಭದ್ರಪಡಿಸಿದ ನೆಲದಲ್ಲಿ ಸೈಕಲ್ ಅಭ್ಯಾಸದ ದಾರಿಗಳನ್ನು ಸೇರಿಸುವಂತೆ ಕೇಳಬಹುದು. ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿ ಸ್ಲೇಟು ಕಲ್ಲಿನ ಗಣಿಗಳಿಗೆ ಹೆಸರಾಗಿದ್ದ ಬ್ಲೈನಾಯ್ ಫೆಸ್ಟಿನಿಯೋಗ್ ಪಟ್ಟಣದಲ್ಲಿ ಸ್ಥಳೀಯರೇ ಕಟ್ಟಿದ ಆಂಟರ್ ಸ್ಟಿನಿಯೋಗ್ ಎಂಬ ಸಂಸ್ಥೆ ಗಣಿಯ ನೆಲದಲ್ಲಿ ಗುಡ್ಡಗಾಡು ಸೈಕಲ್ ದಾರಿಗಳನ್ನು ನಡೆಸುತ್ತಿದೆ. ಪದರುಕಲ್ಲನ್ನು ಕಡಿದು ಬದುಕಿದ ಶಹಾಬಾದಿಗೆ ಆ ಪಟ್ಟಣದ ದಾರಿ ಅನುಸರಣೀಯ. ಚಿಂಚೋಳಿಯ ವನ್ಯಧಾಮದ ವಿಚಾರ ಪ್ರತ್ಯೇಕ. 2011ರಲ್ಲಿ ಘೋಷಿತವಾದ, ಸುಮಾರು 134 ಚದರ ಕಿಲೋಮೀಟರಿನ ಈ ಕಾಡು ಕೃಷ್ಣಮೃಗ, ತೋಳ ಮತ್ತು ಕತ್ತೆಕಿರುಬಗಳ ನೆಲೆಯಾಗಿದ್ದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದರೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಇಲಾಖೆ ಗುರುತಿಸಿದ ದಾರಿಯಲ್ಲಿ, ಹಗಲು ಹೊತ್ತಿನಲ್ಲಿ, ಗದ್ದಲವಿಲ್ಲದೆ ಸಾಗುವುದನ್ನು ಮೊದಲ ದಿನವೇ ಕಲಿಸಬೇಕು. ಕೀಟಲೆಯ ವಿಷಯದಲ್ಲಿ ಒಂಟಿ ಸವಾರಿಗಿಂತ ಗುಂಪು ಸವಾರಿ ಬಲವಾದ ರಕ್ಷಣೆ. ದಾರಿಯಲ್ಲಿನ ಹಳ್ಳಿಗಳ ಸ್ತ್ರೀಶಕ್ತಿ ಗುಂಪುಗಳಿಗೂ ಆಶಾ ಕಾರ್ಯಕರ್ತೆಯರಿಗೂ ಸವಾರಿಯ ವೇಳೆ ಮತ್ತು ದಾರಿ ಮೊದಲೇ ತಿಳಿದಿದ್ದರೆ ಪ್ರತಿ ಹಳ್ಳಿಯಲ್ಲೂ ನಾಲ್ಕು ಪರಿಚಿತ ಮುಖಗಳು ಇರುತ್ತವೆ.

ಜಿಜ್ಞಾಸು: ಕಲಿಸುವವರು ಯಾರು?

ಪ್ರತಿಪಾದಕಿ: ಉತ್ತರ ಕರ್ನಾಟಕಕ್ಕೆ ಸೈಕ್ಲಿಂಗ್ ಹೊಸ ವಿದ್ಯೆಯಲ್ಲ. ವಿಜಯಪುರ, ಬಾಗಲಕೋಟೆ ಮತ್ತು ಗದಗಿನ ಕ್ರೀಡಾ ವಸತಿನಿಲಯಗಳು ಹಳ್ಳಿಯ ಹುಡುಗ ಹುಡುಗಿಯರನ್ನು ರಾಷ್ಟ್ರಮಟ್ಟದ ಸವಾರರನ್ನಾಗಿ ಬೆಳೆಸಿವೆ. 2022ರಲ್ಲಿ ರಾಷ್ಟ್ರೀಯ ಎಂಟಿಬಿ ಚಾಂಪಿಯನ್‌ಷಿಪ್ ಗದಗಿನಲ್ಲೇ ನಡೆಯಿತು. ಅಲ್ಲಿ ಪಳಗಿದ ಹೆಣ್ಣುಮಕ್ಕಳನ್ನು ತರಬೇತುದಾರರಾಗಿ ಈ ತಾಲ್ಲೂಕುಗಳಿಗೆ ಕರೆತಂದರೆ ಎರಡು ಪ್ರಯೋಜನಗಳಿವೆ: ಕಲಿಯುವವರ ಮನೆಯವರಿಗೆ ನಂಬಿಕೆ ಬರುತ್ತದೆ, ಕಲಿಸುವವರಿಗೆ ಆಟದ ದಿನಗಳ ನಂತರ ಉದ್ಯೋಗ ದೊರೆಯುತ್ತದೆ. ಪಾಠಕ್ಕೂ ಒಂದು ಕ್ರಮವಿರಬೇಕು. ಎರಡೂ ಪೆಡಲ್ಲುಗಳನ್ನು ನೆಲಕ್ಕೆ ಸಮಾನಾಂತರವಾಗಿ ನಿಲ್ಲಿಸಿ, ಮೊಣಕಾಲು ಮೊಣಕೈಗಳನ್ನು ಸಡಿಲವಾಗಿ ಬಾಗಿಸಿ ಸೀಟಿನಿಂದ ಮೇಲೇಳುವ ಭಂಗಿ ಮೊದಲನೆಯದು. ಚಕ್ರದ ಮುಂದಿನ ಕಲ್ಲನ್ನು ನೋಡದೆ ಹೋಗಬೇಕಾದ ದಾರಿಯನ್ನು ನೋಡುವುದು ಎರಡನೆಯದು. ಎರಡೂ ಬ್ರೇಕುಗಳನ್ನು ಹದವಾಗಿ ಒತ್ತಿ, ಇಳಿಜಾರಿನಲ್ಲಿ ದೇಹವನ್ನು ಹಿಂದಕ್ಕೂ ಏರಿನಲ್ಲಿ ಮುಂದಕ್ಕೂ ಒಯ್ಯುವುದು ಮೂರನೆಯದು. ಇವನ್ನು ಶಾಲೆಯ ಮೈದಾನದಲ್ಲಿ ಕಲಿತ ಬಳಿಕವೇ ಮಡ್ಡಿಗೆ ಹೋಗಬೇಕು. ಕಡಿದಾದ ಜಾಗದಲ್ಲಿ ಇಳಿದು ಸೈಕಲ್ ತಳ್ಳುವುದು ಸೋಲಲ್ಲವೆಂದು ಮೊದಲೇ ಹೇಳಿದರೆ, ಹಾಸ್ಯಕ್ಕೆ ಗುರಿಯಾಗುವ ಅಂಜಿಕೆಯಿಂದ ಬಿಟ್ಟುಹೋಗುವವರು ಕಡಿಮೆಯಾಗುತ್ತಾರೆ. ಪುದುಕೋಟೈಯಲ್ಲಿ ಕಲಿತ ಹೆಂಗಸರೇ ಉಳಿದವರಿಗೆ ಕಲಿಸಿದಂತೆ, ಇಲ್ಲಿಯೂ ಮೊದಲ ತಂಡವೇ ಎರಡನೆಯ ತಂಡಕ್ಕೆ ಗುರುವಾಗಬೇಕು.

ಜಿಜ್ಞಾಸು: 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಸೇಡಂ, ಚಿತ್ತಾಪುರ ಮತ್ತು ಚಿಂಚೋಳಿಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿಸಿತ್ತು. ಕುಡಿಯುವ ನೀರು, ಶೌಚಾಲಯ, ಶಿಕ್ಷಕರ ಕೊರತೆ ಇವು ಮೊದಲು ತೀರಬೇಕಲ್ಲವೇ? ಆಟಕ್ಕೆ ಹಣವನ್ನು ಹೇಗೆ ಸಮರ್ಥಿಸುವುದು?

ಪ್ರತಿಪಾದಕಿ: ಆ ಕೊರತೆಗಳು ತೀರಲೇಬೇಕು, ಅವುಗಳ ಹಣವನ್ನು ಇತ್ತ ತಿರುಗಿಸಬೇಕೆಂದು ಇಲ್ಲಿ ಕೇಳುತ್ತಿಲ್ಲ. 2013ರ ಕಂಪನಿಗಳ ಕಾಯ್ದೆಯ 135ನೆಯ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕು. ಅದರ ಏಳನೆಯ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿಯ ಉಲ್ಲೇಖ ಸ್ಪಷ್ಟವಾಗಿದೆ. 1996ರಿಂದ ಒಲಿಂಪಿಕ್ಸ್‌ನಲ್ಲಿರುವ ಈ ಕ್ರೀಡೆ ಆ ವಿವರಣೆಯೊಳಗೆ ಬರುತ್ತದೆ, ಮತ್ತು ಸೇಡಂ, ಮಳಖೇಡ, ವಾಡಿಗಳಲ್ಲಿ ದೇಶದ ದೊಡ್ಡ ಸಿಮೆಂಟ್ ಕಾರ್ಖಾನೆಗಳಿವೆ. 2015ರಲ್ಲಿ ಗಣಿ ಮತ್ತು ಖನಿಜಗಳ ಕಾಯ್ದೆಗೆ ಬಂದ ತಿದ್ದುಪಡಿಯಿಂದ ಸ್ಥಾಪಿತವಾದ ಜಿಲ್ಲಾ ಖನಿಜ ಪ್ರತಿಷ್ಠಾನ ಗಣಿಬಾಧಿತ ಜನರ ಹಿತಕ್ಕಾಗಿಯೇ ಇದ್ದು, ಮಹಿಳೆ ಮತ್ತು ಮಕ್ಕಳ ಕಲ್ಯಾಣವನ್ನು ಆದ್ಯತೆಯ ಕ್ಷೇತ್ರವಾಗಿ ಹೊಂದಿದೆ. ಈ ನೆಲದ ಸುಣ್ಣಕಲ್ಲಿನಿಂದ ಬಂದ ಲಾಭದಲ್ಲಿ ಈ ನೆಲದ ಹೆಣ್ಣುಮಕ್ಕಳಿಗೆ ಪಾಲಿದೆಯೆಂಬುದು ಕಾನೂನಿನ ಮಾತೂ ಹೌದು, ನ್ಯಾಯದ ಮಾತೂ ಹೌದು. ಇನ್ನು ಆಟ ಆಮೇಲೆ ಎಂಬ ವಾದ ಹುಡುಗರಿಗೆ ಕ್ರಿಕೆಟ್ ಮೈದಾನ ಕೇಳಿದಾಗ ಯಾರ ಬಾಯಿಂದಲೂ ಬರುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಎಲ್ಲ ಕೊರತೆಗಳೂ ತೀರುವವರೆಗೆ ಕಾಯಬೇಕೆನ್ನುವುದು ಹಿಂದುಳಿದಿರುವಿಕೆಯ ಒಂದು ಮುಖವೇ ಆಗಿದೆ.

ಜಿಜ್ಞಾಸು: ಹಾಗಾದರೆ ಆರಂಭ ಎಲ್ಲಿಂದ?

ಪ್ರತಿಪಾದಕಿ: ಆರಂಭಕ್ಕೆ ದೊಡ್ಡ ಕ್ರೀಡಾಂಗಣ ಬೇಕಾಗಿಲ್ಲ. ಈ ಐದು ಊರುಗಳಲ್ಲಿ ಒಂದೊಂದು ಸರ್ಕಾರಿ ಪದವಿಪೂರ್ವ ಕಾಲೇಜು ತನ್ನ ಹೆಣ್ಣುಮಕ್ಕಳಿಗಾಗಿ ಒಂದು ಸೈಕಲ್ ತಂಡವನ್ನು ಕಟ್ಟಲಿ; ಕ್ರೀಡಾ ಇಲಾಖೆ ಒಬ್ಬ ತರಬೇತುದಾರಳನ್ನು ಕೊಡಲಿ; ಕಾರ್ಖಾನೆಗಳು ಸರಿಯಾದ ಅಳತೆಯ ಸೈಕಲ್ಲುಗಳನ್ನೂ ಹೆಲ್ಮೆಟ್ಟುಗಳನ್ನೂ ಒದಗಿಸಲಿ; ಅರಣ್ಯ ಇಲಾಖೆ ಚಿಂಚೋಳಿಯಲ್ಲಿ ಒಂದು ದಾರಿಯನ್ನು ಗುರುತಿಸಲಿ; ನಿಂತಿರುವ ಶಾಲಾ ಸೈಕಲ್ ಯೋಜನೆಯನ್ನು ಸರ್ಕಾರ ಮತ್ತೆ ಆರಂಭಿಸಲಿ. ತಾಯಂದಿರು ಮೊದಲ ಅಭ್ಯಾಸದ ದಿನ ಮೈದಾನಕ್ಕೆ ಬಂದು ನೋಡಲಿ, ಇಷ್ಟವಿದ್ದವರು ತಾವೂ ಕಲಿಯಲಿ. ಹತ್ತನೆಯ ತರಗತಿ ಮುಗಿಸಿದ ಮಗಳ ಸೈಕಲ್ಲನ್ನು ಈ ವರ್ಷ ತಮ್ಮನಿಗೆ ಕೊಡದೆ ಅವಳಿಗೇ ಉಳಿಸುವ ನಿರ್ಧಾರವನ್ನು ಪ್ರತಿ ಮನೆಯೂ ಯಾವ ಸರ್ಕಾರಿ ಆದೇಶಕ್ಕೂ ಕಾಯದೆ ಇಂದೇ ಮಾಡಬಹುದು, ಮಾಡಬೇಕು.